ಎದೆಗೆ ಕೇಳಿಸುವ ನಾಲ್ಕು ತಂತಿ

ಕಿವಿ ಗಾಯಕನ ಕಡೆಗಿರುತ್ತದೆ, ಕಣ್ಣು ಗಿಟಾರಿನವನ ಕಡೆಗೆ. ಕಾಲು ಕುಣಿಯುವುದು ಮಾತ್ರ ಬೇಸ್ ವಾದಕನ ಲೆಕ್ಕಕ್ಕೆ! ರಾಕ್ ಸಂಗೀತವನ್ನು ಹೊತ್ತು ನಿಂತ ಈ ಮಂದಿಯಲ್ಲಿ ಕೆಲವರು ತಂಡದ ಯಜಮಾನರಾದರು, ಕೆಲವರು ಹೆಸರೂ ಇಲ್ಲದೆ ಕೂಲಿಗೆ ನುಡಿಸಿ ಹೋದರು. ಲಿಯೊ ಫೆಂಡರ್ ಅವರ ಬೇಸ್ ಗಿಟಾರು ಮಾರುಕಟ್ಟೆಗೆ ಬಂದು 2026ಕ್ಕೆ 75 ವರ್ಷ.

ಬೆಂಗಳೂರಿನ ಅರಮನೆ ಮೈದಾನ. 2007ರ ಮಾರ್ಚ್ 17. ಬಿಸಿಲು ಇಳಿಯುವ ಹೊತ್ತಿಗೆ ಮೈದಾನದ ತುಂಬ ಕರಿ ಟೀ ಶರ್ಟು. ದೇಶದ ಮೂಲೆಮೂಲೆಯಿಂದ ರೈಲು, ಬಸ್ಸು ಹತ್ತಿ ಬಂದ ಹುಡುಗರು. ಇಂಗ್ಲೆಂಡಿನ ಐರನ್ ಮೇಡನ್ ತಂಡ ಭಾರತದಲ್ಲಿ ಮೊದಲ ಸಲ ನುಡಿಸಿದ ಸಂಜೆ ಅದು.

ವೇದಿಕೆಯಲ್ಲಿ ಮೂವರು ಗಿಟಾರಿನವರು. ಹಾಡುಗಾರ ಬ್ರೂಸ್ ಡಿಕಿನ್ಸನ್ ಈ ತುದಿಯಿಂದ ಆ ತುದಿಗೆ ಓಡುತ್ತಾರೆ. ಇವರೆಲ್ಲರ ನಡುವೆ ಉದ್ದ ಕೂದಲಿನ ಒಬ್ಬರು ಒಂದು ಕಾಲನ್ನು ಮುಂದಿನ ಸ್ಪೀಕರಿನ ಮೇಲೆ ಊರಿ, ಗಿಟಾರಿನ ಕತ್ತನ್ನು ಜನರ ಕಡೆಗೆ ಬಂದೂಕಿನಂತೆ ಗುರಿ ಹಿಡಿಯುತ್ತಾರೆ. ಹಾಡಿನ ಪ್ರತಿ ಸಾಲಿಗೂ ತುಟಿ ಆಡಿಸುತ್ತಾರೆ. ಅವರ ಬಲಗೈಯ ಬೆರಳುಗಳು ಒಂದು ದೀರ್ಘ ಎರಡು ಹ್ರಸ್ವ, ಒಂದು ದೀರ್ಘ ಎರಡು ಹ್ರಸ್ವ ಎಂದು ಕುದುರೆಯ ನಾಗಾಲೋಟದಲ್ಲಿ ಓಡುತ್ತಲೇ ಇರುತ್ತವೆ.

ಅವರೇ ಸ್ಟೀವ್ ಹ್ಯಾರಿಸ್. ಹಾಡುವವರೂ ಅಲ್ಲ, ಲೀಡ್ ಗಿಟಾರಿನವರೂ ಅಲ್ಲ. ಆದರೆ ತಂಡ ಅವರದು. 1975ರ ಕ್ರಿಸ್‌ಮಸ್ ದಿನ, ಪೂರ್ವ ಲಂಡನ್ನಿನ ಹತ್ತೊಂಬತ್ತರ ಹುಡುಗನಾಗಿದ್ದಾಗ ಕಟ್ಟಿದ್ದು. ಗಾಯಕರು ಬದಲಾದರು, ಡ್ರಮ್ಮಿನವರು ಬದಲಾದರು. ಎಲ್ಲ ಆಲ್ಬಂಗಳಲ್ಲೂ ಇರುವವರು ಇಬ್ಬರೇ: ಗಿಟಾರಿನ ಡೇವ್ ಮರ್ರೆ ಮತ್ತು ಬೇಸ್ ಹಿಡಿದ ಹ್ಯಾರಿಸ್. ತಂಡದ ಹಾಡುಗಳಲ್ಲಿ ದೊಡ್ಡ ಪಾಲು ಅವರದೇ ರಚನೆ.

ಬೇಸ್ ವಾದಕ ಎಂದರೆ ಹಿಂದೆ ಮೂಲೆಯಲ್ಲಿ ನಿಲ್ಲುವವ ಎಂದು ನಂಬಿದವರಿಗೆ ಆ ಸಂಜೆ ಬೇರೆಯದೇ ಪಾಠ ಹೇಳಿತು.

ಹಿಮ್ಮೇಳದ ಊರಿನಿಂದ

ಕಾಸರಗೋಡಿನ ಮಧೂರಿನಲ್ಲಿ ಕೂತು ರಾಕ್ ಸಂಗೀತದ ಬಗ್ಗೆ ಬರೆಯುವುದೇಕೆ ಎಂದು ಕೇಳುವವರಿದ್ದಾರೆ. ಉತ್ತರ ನಮ್ಮ ಅಂಗಳದಲ್ಲೇ ಇದೆ. ಯಕ್ಷಗಾನ ಕವಿ, ಕುಂಬಳೆಯ ಪಾರ್ತಿಸುಬ್ಬನ ಸೀಮೆ ಇದು. ಮದನಂತೇಶ್ವರ ಸಿದ್ಧಿವಿನಾಯಕನ ಸನ್ನಿಧಿಯಲ್ಲಿ, ಮಧುವಾಹಿನಿಯ ದಡದಲ್ಲಿ ಬೆಳೆದವರಿಗೆ ಯಕ್ಷಗಾನದ ಹಿಮ್ಮೇಳ ಹುಟ್ಟಿನಿಂದ ಕಿವಿಗೆ ಬಿದ್ದಿರುತ್ತದೆ.

ಹಿಮ್ಮೇಳದಲ್ಲಿ ಚೆಂಡೆ ಗುಡುಗುತ್ತದೆ, ಎರಡು ಗುಡ್ಡೆಯಾಚೆಗೂ ಆಟ ಇದೆ ಎಂದು ಸಾರುತ್ತದೆ. ಭಾಗವತರ ಪದ ಜನರ ಬಾಯಲ್ಲಿ ಉಳಿಯುತ್ತದೆ. ಇವೆರಡರ ನಡುವೆ ಕುಳಿತ ಮದ್ದಳೆಯ ಕಡೆಗೆ ಹೊಸಬರ ಗಮನ ಹೋಗುವುದಿಲ್ಲ. ಆದರೆ ಮದ್ದಳೆಯ ಬಲ ಮುಖವನ್ನು ಭಾಗವತರ ಶ್ರುತಿಗೆ ಕೂಡಿಸಿರುತ್ತಾರೆ. ತಾಳ ಹೇಳುವ ವಾದ್ಯವೇ ಶ್ರುತಿಯನ್ನೂ ಹಿಡಿದಿರುತ್ತದೆ. ಮದ್ದಳೆ ತಪ್ಪಿದರೆ ಪದವೂ ಜಾರುತ್ತದೆ, ಹೆಜ್ಜೆಯೂ ಜಾರುತ್ತದೆ.

ರಾಕ್ ತಂಡದಲ್ಲಿ ಬೇಸ್ ಗಿಟಾರಿನ ಕೆಲಸವೂ ಇದೇ. ಡ್ರಮ್ಮು ಲಯ ಹೇಳುತ್ತದೆ, ಗಿಟಾರು ಸ್ವರ ಹೇಳುತ್ತದೆ. ಎರಡನ್ನೂ ಒಂದೇ ಪೆಟ್ಟಿನಲ್ಲಿ ಹೇಳುವವನು ಬೇಸ್ ವಾದಕ. ಕೆಳಗಿನ ಒಂದು ಸ್ವರವನ್ನು ಅವನು ಬದಲಿಸಿದರೆ, ಮೇಲೆ ಗಿಟಾರಿನವನು ನುಡಿಸುತ್ತಿರುವ ಅದೇ ಸ್ವರಗುಚ್ಛದ ಭಾವವೇ ಬೇರೆಯಾಗುತ್ತದೆ. ಇದು ಸಣ್ಣ ಅಧಿಕಾರವಲ್ಲ.

ನಮ್ಮ ಕಡೆ ಒಂದು ಒಳ್ಳೆಯ ಪದ್ಧತಿಯಿದೆ. ಆಟದ ಕರಪತ್ರದಲ್ಲಿ ಭಾಗವತರ ಹೆಸರಿನ ಜೊತೆಗೇ ಚೆಂಡೆ, ಮದ್ದಳೆಯವರ ಹೆಸರೂ ಅಚ್ಚಾಗುತ್ತದೆ. ನೆಡ್ಲೆ ನರಸಿಂಹ ಭಟ್, ಚಿಪ್ಪಾರು ಕೃಷ್ಣಯ್ಯ ಬಲ್ಲಾಳ, ದಿವಾಣ ಭೀಮ ಭಟ್ ಎಂದರೆ ತೆಂಕುತಿಟ್ಟಿನ ಹಿರಿಯ ಪ್ರೇಕ್ಷಕರಿಗೆ ಇಂದಿಗೂ ಕಿವಿಯಲ್ಲಿ ನುಡಿತ ಎದ್ದು ಬರುತ್ತದೆ. ಬಡಗಿನಲ್ಲಿ ಹಿರಿಯಡ್ಕ ಗೋಪಾಲ ರಾವ್ ಏರು ಮದ್ದಳೆಗೆ ಹೆಸರಾಗಿ, ನೂರು ವರ್ಷ ತುಂಬಿ 2020ರಲ್ಲಿ ತೀರಿಕೊಂಡರು. ಕೈಚಳಕಕ್ಕೆ ಹೆಸರು ಅಂಟಿಕೊಂಡೇ ಬಂದಿತು.

ರಾಕ್ ಮತ್ತು ಸಿನಿಮಾ ಸಂಗೀತದಲ್ಲಿ ಹಾಗಾಗಲಿಲ್ಲ. ಹಾಡಿನ ಮೇಲೆ ಹಕ್ಕಿದ್ದ ಬೇಸ್ ವಾದಕನಿಗೆ ಹೆಸರು ಸಿಕ್ಕಿತು. ದಿನಗೂಲಿಗೆ ಬಂದವನಿಗೆ ಸಿಗಲಿಲ್ಲ, ನುಡಿಸಿದ್ದು ಎಷ್ಟೇ ಅದ್ಭುತವಾಗಿದ್ದರೂ.

▌ ನಾಲ್ಕು ತಂತಿಯ ಲೆಕ್ಕ
ಬೇಸ್ ಗಿಟಾರಿನ ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಮಾಮೂಲು ಗಿಟಾರಿನ ದಪ್ಪ ತಂತಿಯ ಕಂಪನ 82. ಅಂದರೆ ಸರಿಯಾಗಿ ಒಂದು ಸ್ಥಾಯಿ ಕೆಳಗೆ. 41 ಕಂಪನದ ಸದ್ದಿನ ಒಂದು ಅಲೆಯ ಉದ್ದ ಎಂಟು ಮೀಟರಿಗೂ ಹೆಚ್ಚು. ಮೊಬೈಲಿನ ಪುಟ್ಟ ಸ್ಪೀಕರಿಗೆ ಅದನ್ನು ಹೊರಡಿಸುವ ಶಕ್ತಿಯಿಲ್ಲ. ಬೇಸ್ ಕೇಳಬೇಕಾದರೆ ಒಳ್ಳೆಯ ಇಯರ್‌ಫೋನು ಅಥವಾ ದೊಡ್ಡ ಸ್ಪೀಕರು ಬೇಕು.

ರೇಡಿಯೊ ರಿಪೇರಿಯ ಅಂಗಡಿಯಿಂದ

ಎರಡನೆಯ ಮಹಾಯುದ್ಧ ಮುಗಿದ ಕಾಲದ ಅಮೆರಿಕ. ಕುಣಿತದ ಹಾಲುಗಳಲ್ಲಿ ಆಳೆತ್ತರದ ಡಬಲ್ ಬೇಸ್ ನುಡಿಸುತ್ತಿದ್ದರು. ಪಿಟೀಲಿನ ಆಕಾರ, ಹೊತ್ತು ಸಾಗಿಸುವುದೇ ಒಂದು ಶಿಕ್ಷೆ. ಗಿಟಾರಿಗೆ ವಿದ್ಯುತ್ತು ಬಂದ ಮೇಲೆ, ಡ್ರಮ್ಮಿನ ಗಲಾಟೆಯ ನಡುವೆ ಅದರ ಸದ್ದು ಯಾರಿಗೂ ಕೇಳದಾಯಿತು.

ಕ್ಯಾಲಿಫೋರ್ನಿಯದ ಫುಲರ್ಟನ್ನಿನಲ್ಲಿ ಲಿಯೊ ಫೆಂಡರ್ ರೇಡಿಯೊ ರಿಪೇರಿ ಮಾಡುತ್ತಿದ್ದವರು. 1951ರಲ್ಲಿ ಅವರು ಹೊರತಂದ ವಾದ್ಯ ಹೆಗಲಿಗೆ ಜೋತು ಹಾಕಿಕೊಳ್ಳುವಂಥದ್ದು. ಗಟ್ಟಿ ಮರದ ಹಲಗೆ, ನಾಲ್ಕು ತಂತಿ, ಕತ್ತಿನ ಮೇಲೆ ಲೋಹದ ಪಟ್ಟಿಗಳು. ಆ ಪಟ್ಟಿಗಳಿಂದಾಗಿ ಬೆರಳಿಟ್ಟ ಕಡೆ ಸ್ವರ ಕರಾರುವಾಕ್ಕಾಗಿ ಹೊರಡುತ್ತಿತ್ತು. ಅದಕ್ಕೇ ‘ಪ್ರಿಸಿಷನ್ ಬೇಸ್’ ಎಂದು ಹೆಸರಿಟ್ಟರು. ಸಿಯಾಟಲ್ಲಿನ ಪಾಲ್ ಟುಟ್‌ಮಾರ್ಕ್ 1930ರ ದಶಕದಲ್ಲೇ ಇಂಥದೊಂದು ಮಾಡಿದ್ದರು, ಆದರೆ ಅದು ಅಲ್ಲಿಗೇ ನಿಂತಿತು. ಫೆಂಡರ್ ಅವರದು ಜಗತ್ತನ್ನು ಸುತ್ತಿತು.

ಈ ಹೊಸ ವಾದ್ಯಕ್ಕೆ ಗುರುಪರಂಪರೆ ಇರಲಿಲ್ಲ. ಹೇಗೆ ನುಡಿಸಬೇಕು ಎಂದು ಹೇಳಿಕೊಡುವವರೂ ಇರಲಿಲ್ಲ. ಮೊದಲ ತಲೆಮಾರಿನವರು ತಾವೇ ದಾರಿ ಕಡಿದರು.

ಒಂದೇ ಬೆರಳಿನ ಜೇಮರ್ಸನ್

ಆ ದಾರಿಯಲ್ಲಿ ಎಲ್ಲರಿಗಿಂತ ಮುಂದೆ ನಡೆದವರು ಜೇಮ್ಸ್ ಜೇಮರ್ಸನ್. ನನ್ನ ಮಟ್ಟಿಗೆ ಈ ಲೇಖನದ ನಾಯಕ ಅವರೇ.

ಕಾರು ಕಾರ್ಖಾನೆಗಳ ಊರಾದ ಡೆಟ್ರಾಯಿಟಿನಲ್ಲಿ ಮೊಟೌನ್ ಎಂಬ ಧ್ವನಿಮುದ್ರಣ ಸಂಸ್ಥೆ. ಒಂದು ಮನೆಯನ್ನೇ ಸ್ಟುಡಿಯೊ ಮಾಡಿಕೊಂಡು ಹಾಡಿನ ಮೇಲೆ ಹಾಡು ಹೊರಡಿಸುತ್ತಿದ್ದರು. ಸುಪ್ರೀಮ್ಸ್, ಫೋರ್ ಟಾಪ್ಸ್, ಸ್ಟೀವಿ ವಂಡರ್, ಮಾರ್ವಿನ್ ಗೇ ಮುಂತಾದ ಗಾಯಕರು ಬದಲಾಗುತ್ತಿದ್ದರು. ಹಿಂದೆ ನುಡಿಸುವವರು ಮಾತ್ರ ಅದೇ ಮಂದಿ. ಅವರಲ್ಲಿ ಬೇಸ್ ಹಿಡಿದವರು ಜೇಮರ್ಸನ್.

ಅವರು ಡಬಲ್ ಬೇಸ್ ಕಲಿತು ಬಂದವರು. ಬಲಗೈಯ ತೋರುಬೆರಳೊಂದರಲ್ಲೇ ತಂತಿ ಮೀಟುತ್ತಿದ್ದರು. ಜೊತೆಯವರು ಆ ಬೆರಳಿಗೆ ‘ಕೊಕ್ಕೆ’ ಎಂದು ಹೆಸರಿಟ್ಟಿದ್ದರು. ತಂತಿ ತುಂಡಾದರೆ ಮಾತ್ರ ಹೊಸದು ಹಾಕುತ್ತಿದ್ದರು. ಹಳೆಯ ತಂತಿಯ ಜಿಡ್ಡಿನಲ್ಲೇ ನಾದವಿದೆ ಎಂಬ ನಂಬಿಕೆ. ಫೋರ್ ಟಾಪ್ಸ್ ತಂಡದ ‘ಬರ್ನಡೆಟ್’ ಹಾಡನ್ನು (1967) ಕಿವಿಗೊಟ್ಟು ಕೇಳಿ. ಗಾಯಕ ಒಂದು ಹಾಡು ಹಾಡುತ್ತಿದ್ದರೆ, ಕೆಳಗೆ ಇನ್ನೊಂದು ಹಾಡು ಓಡುತ್ತಿರುತ್ತದೆ. ಒಂದನ್ನೊಂದು ತಡೆಯುವುದಿಲ್ಲ.

ಅಟ್ಲಾಂಟಿಕ್‌ನ ಆಚೆ ಲಿವರ್‌ಪೂಲಿನಲ್ಲಿ ಈ ಹಾಡುಗಳನ್ನು ಒಬ್ಬ ಯುವಕ ಹೆಕ್ಕಿ ಹೆಕ್ಕಿ ಕೇಳುತ್ತಿದ್ದರು. ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ. ಬೇಸ್ ಅವರಾಗಿ ಬಯಸಿ ಹಿಡಿದದ್ದಲ್ಲ. 1961ರಲ್ಲಿ ತಂಡದ ಬೇಸ್ ವಾದಕ ಸ್ಟುವರ್ಟ್ ಸಟ್‌ಕ್ಲಿಫ್ ಚಿತ್ರಕಲೆಯ ಬೆನ್ನು ಹತ್ತಿ ಹ್ಯಾಂಬರ್ಗಿನಲ್ಲೇ ಉಳಿದರು. ಉಳಿದವರಿಗೆ ಆ ವಾದ್ಯ ಬೇಡವಾಗಿತ್ತು, ಕೊನೆಗೆ ಮೆಕಾರ್ಟ್ನಿ ಕೊರಳಿಗೆ ಬಿತ್ತು. ಸುಮಾರು 30 ಪೌಂಡಿಗೆ ಪಿಟೀಲಿನಾಕಾರದ ಹಾಫ್ನರ್ ಬೇಸ್ ಕೊಂಡರು. ಎರಡೂ ಬದಿ ಒಂದೇ ಆಕಾರವಿದ್ದುದರಿಂದ ಎಡಗೈಯವರಾದ ಅವರು ತಿರುಗಿಸಿ ಹಿಡಿದರೂ ವಿಕಾರವಾಗಿ ಕಾಣುತ್ತಿರಲಿಲ್ಲ.

ಒಲ್ಲದೆ ಹಿಡಿದ ವಾದ್ಯದಲ್ಲಿ ಮೆಕಾರ್ಟ್ನಿ ಮಾಡಿದ್ದು ಏನೆಂದು ತಿಳಿಯಲು 1969ರ ‘ಸಮ್‌ಥಿಂಗ್’ ಒಂದು ಸಾಕು. ಹಾಡು ಜಾರ್ಜ್ ಹ್ಯಾರಿಸನ್ ಅವರದು. ಅದರ ಕೆಳಗೆ ಬೇಸ್ ತನ್ನಷ್ಟಕ್ಕೆ ಆಲಾಪನೆ ಮಾಡಿಕೊಂಡು ಹೋಗುತ್ತದೆ. ಜೇಮರ್ಸನ್ ತಮಗೆ ದಾರಿ ತೋರಿಸಿದವರೆಂದು ಮೆಕಾರ್ಟ್ನಿ ಬಾಯಿಬಿಟ್ಟು ಹೇಳಿದ್ದಾರೆ. ಆದರೆ ಹಾಡು ಕೇಳುವ ಕಾಲದಲ್ಲಿ ಆ ವಾದಕನ ಹೆಸರು ತಿಳಿಯುವ ಉಪಾಯವೇ ಇರಲಿಲ್ಲ. ಮೊಟೌನ್ ತಟ್ಟೆಗಳ ಮೇಲೆ ಅವರ ಹೆಸರು ಇರುತ್ತಿರಲಿಲ್ಲ.

ಮೊದಲ ಸಲ ಹೆಸರು ಅಚ್ಚಾದದ್ದು 1971ರಲ್ಲಿ, ಮಾರ್ವಿನ್ ಗೇ ಅವರ ‘ವಾಟ್ಸ್ ಗೋಯಿಂಗ್ ಆನ್’ ಆಲ್ಬಂ ಮೇಲೆ. ಅಷ್ಟರಲ್ಲಿ ಹನ್ನೆರಡು ವರ್ಷ ನುಡಿಸಿಯಾಗಿತ್ತು. ಮರುವರ್ಷ ಸಂಸ್ಥೆ ಲಾಸ್ ಏಂಜಲೀಸ್‌ಗೆ ಮನೆ ಬದಲಿಸಿತು, ಕೆಲಸ ಕಡಿಮೆಯಾಯಿತು, ಕುಡಿತ ಹೆಚ್ಚಿತು. 1983ರ ಮಾರ್ಚಿನಲ್ಲಿ ಮೊಟೌನಿನ 25ನೇ ವರ್ಷದ ದೊಡ್ಡ ಸಂಭ್ರಮ ನಡೆಯಿತು. ವೇದಿಕೆಯಲ್ಲಿ ಮೊಳಗಿದ ಹಳೆಯ ಹಾಡುಗಳನ್ನು ಕಟ್ಟಿದ ಬೆರಳು ಪ್ರೇಕ್ಷಕರ ನಡುವೆ ಕೂತಿತ್ತು. ಅದೇ ಆಗಸ್ಟಿನಲ್ಲಿ ಜೇಮರ್ಸನ್ ತೀರಿಕೊಂಡರು. ವಯಸ್ಸು 47.

ಇದನ್ನು ಬರೆಯುವಾಗ ನನಗೆ ಸಿಟ್ಟು ಬರುತ್ತದೆ. 2000ದಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಗೌರವ ಸಂದಿತು. ಸತ್ತು 17 ವರ್ಷವಾದ ಮೇಲೆ.

ಲಾಸ್ ಏಂಜಲೀಸ್‌ನಲ್ಲೂ ಇಂಥದೇ ಒಬ್ಬರಿದ್ದರು: ಕ್ಯಾರಲ್ ಕೇ. ಜನನ 1935. ಮೊದಲು ಗಿಟಾರಿನವರು. 1963ರಲ್ಲೊಮ್ಮೆ ಧ್ವನಿಮುದ್ರಣಕ್ಕೆ ಬೇಸ್ ವಾದಕ ಬರಲಿಲ್ಲ, ಇವರು ಆ ಜಾಗ ತುಂಬಿದರು. ಆಮೇಲೆ ಅದೇ ವೃತ್ತಿಯಾಯಿತು. ಬೀಚ್ ಬಾಯ್ಸ್ ತಂಡದ ‘ಪೆಟ್ ಸೌಂಡ್ಸ್’, ‘ಮಿಷನ್ ಇಂಪಾಸಿಬಲ್’ ಧಾರಾವಾಹಿಯ ಸಂಗೀತ, ಲೆಕ್ಕವಿಲ್ಲದಷ್ಟು ಸಿನಿಮಾ, ಜಾಹೀರಾತು. ಗಂಡಸರೇ ತುಂಬಿದ್ದ ಸ್ಟುಡಿಯೊದಲ್ಲಿ ಮಕ್ಕಳ ತಾಯಿಯೊಬ್ಬರು ದಿನಕ್ಕೆ ಮೂರು ಮೂರು ಕಡೆ ನುಡಿಸಿ ಮನೆ ನಡೆಸಿದರು. 2025ರಲ್ಲಿ ಹಾಲ್ ಆಫ್ ಫೇಮ್ ಅವರನ್ನು ಆರಿಸಿದಾಗ, ಬೇಡ ಎಂದರು. ಅದು ಅವರ ಹಕ್ಕು.

▌ ಕಳುವಾದ ಮೂರು ವಾದ್ಯ
ಮೆಕಾರ್ಟ್ನಿ ಅವರ ಹಾಫ್ನರ್: 1972ರಲ್ಲಿ ಲಂಡನ್ನಿನ ನಾಟಿಂಗ್ ಹಿಲ್‌ನಲ್ಲಿ ವ್ಯಾನಿನಿಂದ ಕಳುವಾಯಿತು. ಸಿಕ್ಕಿದ ಸುದ್ದಿ ಹೊರಬಿದ್ದದ್ದು 2024ರಲ್ಲಿ. ಆ ಡಿಸೆಂಬರಿನಲ್ಲಿ ಲಂಡನ್ ವೇದಿಕೆಯಲ್ಲಿ ಅವರು ಅದನ್ನು ಮತ್ತೆ ನುಡಿಸಿದರು.
ಜಾಜ್ ವಾದಕ ಜಾಕೊ ಪಾಸ್ಟೋರಿಯಸ್ ಅವರ ಬೇಸ್: 1986ರಲ್ಲಿ ನ್ಯೂಯಾರ್ಕಿನ ಉದ್ಯಾನದಿಂದ ಹೋಯಿತು. ಇಪ್ಪತ್ತು ವರ್ಷದ ಬಳಿಕ ಪತ್ತೆ.
ಜೇಮರ್ಸನ್ ಅವರ 1962ರ ಪ್ರಿಸಿಷನ್: ಅವರು ಸಾಯುವ ಕೆಲವೇ ದಿನ ಮೊದಲು ಕಳುವಾಯಿತು. ಇಂದಿಗೂ ಸಿಕ್ಕಿಲ್ಲ.

ಚುಕ್ಕಾಣಿ ಹಿಡಿದವರು

ಇನ್ನೊಂದು ಬಗೆಯ ಬದುಕು ಹ್ಯಾರಿಸ್ ಅವರಂಥದು. ಬೇಸ್ ವಾದಕನೇ ತಂಡದ ಬುದ್ಧಿ, ತಂಡದ ಹಠ. ಈ ಸಾಲು ಉದ್ದವಿದೆ. ಪೊಲೀಸ್ ತಂಡದ ಸ್ಟಿಂಗ್, ರಶ್ ತಂಡದ ಗೆಡ್ಡಿ ಲೀ, ಮೋಟರ್‌ಹೆಡ್ ತಂಡದ ಲೆಮ್ಮಿ. ಲೆಮ್ಮಿ ಹಾಕ್‌ವಿಂಡ್ ತಂಡದಿಂದ 1975ರಲ್ಲಿ ಹೊರದೂಡಲ್ಪಟ್ಟವರು, ಸ್ವಂತ ತಂಡ ಕಟ್ಟಿ 2015ರಲ್ಲಿ ಸಾಯುವವರೆಗೂ ಬಿಡಲಿಲ್ಲ. ಗೆಡ್ಡಿ ಲೀ ಹಾಡುತ್ತಾ, ಕೈಯಲ್ಲಿ ಬೇಸ್ ನುಡಿಸುತ್ತಾ, ಕಾಲಿನಿಂದ ಸಿಂಥಸೈಜರಿನ ಪೆಡಲು ಒತ್ತುವವರು.

ಪಿಂಕ್ ಫ್ಲಾಯ್ಡ್‌ನ ರೋಜರ್ ವಾಟರ್ಸ್ ಇವರಲ್ಲಿ ಬೇರೆಯೇ ಜಾತಿ. ಬೆರಳಿನ ಚಳಕದಲ್ಲಿ ಅವರಿಗಿಂತ ಎಷ್ಟೋ ಮಂದಿ ಮೇಲು. ಆದರೆ 1973ರ ‘ಡಾರ್ಕ್ ಸೈಡ್ ಆಫ್ ದ ಮೂನ್’ ಆಲ್ಬಂನ ‘ಮನಿ’ ಹಾಡಿನ ಮೊದಲಿಗೆ, ನಾಣ್ಯದ ಸದ್ದಿನ ಹಿಂದೆಯೇ ಬರುವ ಆ ಬೇಸ್ ತುಣುಕು ಯಾರಿಗೆ ಗೊತ್ತಿಲ್ಲ? ಅದು ಏಳು ಎಣಿಕೆಯ ತಾಳ. ರಾಕ್ ಕೇಳುವ ಜಗತ್ತು ನಾಲ್ಕರ ಎಣಿಕೆಗೆ ಒಗ್ಗಿತ್ತು, ಏಳು ಅವರಿಗೆ ವಿಚಿತ್ರವಾಗಿ ಕೇಳಿಸಿತು. ತ್ರಿವುಡೆ ತಾಳದ ಪದ ಕೇಳಿ ಬೆಳೆದ ನಮ್ಮವರಿಗೆ ಏಳಕ್ಕೆ ಕೈ ತಟ್ಟುವುದು ಕಷ್ಟವೇ ಅಲ್ಲ. ಕಾಸರಗೋಡಿನ ಹುಡುಗರು ‘ಮನಿ’ಗೆ ಮೊದಲ ಸಲಕ್ಕೇ ತಪ್ಪದೆ ತಾಳ ಹಾಕುವುದನ್ನು ನೋಡಿ ಖುಷಿಪಟ್ಟಿದ್ದೇನೆ.

ವಾಟರ್ಸ್ ತಂಡದ ಹಾಡುಗಳ ಮುಖ್ಯ ರಚನಕಾರರಾದರು, ಯಜಮಾನಿಕೆ ಬಲವಾಯಿತು, ಜಗಳ ಬೆಳೆಯಿತು. 1985ರಲ್ಲಿ ಹೊರನಡೆದು ಹೆಸರಿನ ಹಕ್ಕಿಗಾಗಿ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದರು. ಚುಕ್ಕಾಣಿ ಹಿಡಿದ ಕೈ ಅದನ್ನು ಸುಲಭದಲ್ಲಿ ಬಿಡುವುದಿಲ್ಲ.

▌ ಅರಮನೆ ಮೈದಾನದ ಅತಿಥಿಗಳು
2002: ರೋಜರ್ ವಾಟರ್ಸ್.
2003, ಏಪ್ರಿಲ್ 4: ರೋಲಿಂಗ್ ಸ್ಟೋನ್ಸ್. ಬೇಸ್ ಹಿಡಿದವರು ಶಿಕಾಗೋದ ಡ್ಯಾರಿಲ್ ಜೋನ್ಸ್. ಮೈಲ್ಸ್ ಡೇವಿಸ್ ಅವರ ಜೊತೆ ನುಡಿಸಿದವರು. ಬಿಲ್ ವೈಮನ್ ಬಿಟ್ಟ ಮೇಲೆ, 1990ರ ದಶಕದಿಂದ ಸ್ಟೋನ್ಸ್ ಜೊತೆಗಿದ್ದರೂ ತಂಡದ ಅಧಿಕೃತ ಸದಸ್ಯರಲ್ಲ.
2007, ಮಾರ್ಚ್ 17: ಐರನ್ ಮೇಡನ್, ಸ್ಟೀವ್ ಹ್ಯಾರಿಸ್.
2011, ಅಕ್ಟೋಬರ್ 30: ಮೆಟಾಲಿಕಾ, ರಾಬರ್ಟ್ ಟ್ರುಹಿಯೊ.

ಕೇಳಿಸದ ಆಲ್ಬಂ

ಬೇಸ್ ಇಲ್ಲದಿದ್ದರೆ ಏನಾಗುತ್ತದೆ? ಇದಕ್ಕೆ ಮೆಟಾಲಿಕಾ ತಂಡವೇ ಸಾಕ್ಷಿ.

ಆ ತಂಡದ ಬೇಸ್ ವಾದಕ ಕ್ಲಿಫ್ ಬರ್ಟನ್ ಶಾಸ್ತ್ರೀಯ ಸಂಗೀತ ಬಲ್ಲವರು. ಬೇಸ್ ಗಿಟಾರಿನಲ್ಲಿ ಇಡೀ ಒಂದು ವಾದ್ಯಕೃತಿಯನ್ನೇ ನುಡಿಸಿ ಆಲ್ಬಂನಲ್ಲಿ ಹಾಕಿದವರು. 1986ರ ಸೆಪ್ಟೆಂಬರ್ 27ರ ಬೆಳಗಿನ ಜಾವ ಸ್ವೀಡನ್ನಿನ ರಸ್ತೆಯಲ್ಲಿ ತಂಡದ ಬಸ್ಸು ಮಗುಚಿತು. ಯಾವ ಮಂಚದಲ್ಲಿ ಯಾರು ಮಲಗಬೇಕೆಂದು ಇಸ್ಪೀಟು ಎಲೆ ಎಳೆದು ಗೆದ್ದವರು ಬರ್ಟನ್. ಆ ಮಂಚದಲ್ಲಿದ್ದ ಅವರೇ ಹೋದರು. ವಯಸ್ಸು 24.

ಅವರ ಜಾಗಕ್ಕೆ ಜೇಸನ್ ನ್ಯೂಸ್ಟೆಡ್ ಬಂದರು. 1988ರಲ್ಲಿ ‘ಅಂಡ್ ಜಸ್ಟಿಸ್ ಫಾರ್ ಆಲ್’ ಹೊರಬಂತು. ರಚನೆಗಳು ಅದ್ಭುತ, ಗಿಟಾರು ಗರಗಸದಂತೆ ಹರಿತ, ಆದರೆ ಬೇಸ್ ಕೇಳಿಸುವುದೇ ಇಲ್ಲ. ನ್ಯೂಸ್ಟೆಡ್ ನುಡಿಸಿದ್ದರು, ಧ್ವನಿ ಹೊಂದಿಸುವಾಗ ಅದನ್ನು ತಗ್ಗಿಸಿ ತಗ್ಗಿಸಿ ಇಲ್ಲವಾಗಿಸಿದರು. ಆ ಆಲ್ಬಂ ಕೇಳಿದರೆ ಕಿವಿಗೆ ಎಲ್ಲವೂ ಇದೆ, ಎದೆಗೆ ಏನೂ ಇಲ್ಲ. ಅಭಿಮಾನಿಗಳು ಇಂದಿಗೂ ಇದನ್ನು ಕ್ಷಮಿಸಿಲ್ಲ. ನಾನೂ ಅವರ ಪಕ್ಷ.

ನ್ಯೂಸ್ಟೆಡ್ 2001ರಲ್ಲಿ ಬಿಟ್ಟರು. 2003ರಲ್ಲಿ ಬಂದ ಟ್ರುಹಿಯೊ ಅವರಿಗೆ ತಂಡ ಹತ್ತು ಲಕ್ಷ ಡಾಲರ್ ಮುಂಗಡ ಕೊಟ್ಟದ್ದು ಒಂದು ಸಾಕ್ಷ್ಯಚಿತ್ರದಲ್ಲೇ ದಾಖಲಾಗಿದೆ. ಬೇಸ್ ವಾದಕನ ಬೆಲೆ ತಂಡಕ್ಕೆ ಅರಿವಾಗಲು ಇಷ್ಟು ಕಾಲ ಬೇಕಾಯಿತು.

ಟ್ರುಹಿಯೊ ಬಗ್ಗೆ ನನಗೆ ಗೌರವ ಇರುವುದು ಇನ್ನೊಂದು ಕಾರಣಕ್ಕೆ. ಜಾಕೊ ಪಾಸ್ಟೋರಿಯಸ್ ಎಂಬ ಮಹಾ ವಾದಕರಿದ್ದರು. ಜಾಜ್ ಕಡೆಯವರು, ಆದರೆ ರಾಕ್ ವಾದಕರೆಲ್ಲ ಅವರ ಮುಂದೆ ತಲೆಬಾಗುತ್ತಾರೆ. ಫೆಂಡರ್ ಬೇಸಿನ ಕತ್ತಿನ ಮೇಲಿನ ಲೋಹದ ಪಟ್ಟಿಗಳನ್ನು ಕಿತ್ತು ಹಾಕಿ, ಮೇಲೆ ಗಟ್ಟಿ ಅಂಟು ಬಳಿದು ನುಡಿಸಿದರು. ಪಟ್ಟಿ ಹೋದದ್ದೇ ತಡ, ಸ್ವರದಿಂದ ಸ್ವರಕ್ಕೆ ಜಾರಲು ದಾರಿಯಾಯಿತು. ನಮ್ಮ ಗಮಕ, ಜಾರು ಎಲ್ಲವೂ ಅಂಥ ಕತ್ತಿನ ಮೇಲೆ ಸಾಧ್ಯ. ಮಾನಸಿಕ ಕಾಯಿಲೆಯಿಂದ ನಲುಗಿ, ಬೀದಿಪಾಲಾಗಿ, ಫ್ಲೋರಿಡಾದ ಕ್ಲಬ್ಬೊಂದರ ಬಾಗಿಲಲ್ಲಿ ಹೊಡೆತ ತಿಂದು 1987ರಲ್ಲಿ ಸತ್ತಾಗ ಜಾಕೊಗೆ 35. ಕಳುವಾಗಿದ್ದ ಅವರ ಬೇಸ್ ಪತ್ತೆಯಾಗಿ, ಯಾರಿಗೆ ಸೇರಬೇಕೆಂಬ ವ್ಯಾಜ್ಯ ಎದ್ದಾಗ ಹಣ ಕೊಟ್ಟು ಬಿಡಿಸಿದವರು ಟ್ರುಹಿಯೊ. ಜಾಕೊ ಬದುಕಿನ ಸಾಕ್ಷ್ಯಚಿತ್ರಕ್ಕೂ ಅವರೇ ನಿರ್ಮಾಪಕರು.

ಕನ್ನಡದ ಕೆಳದನಿ

ಕನ್ನಡಿಗರು ಬೇಸ್ ಗಿಟಾರನ್ನು ಮೊದಲು ಕೇಳಿದ್ದು ರಾಕ್ ತಂಡಗಳಲ್ಲಲ್ಲ, ಸಿನಿಮಾ ಹಾಡುಗಳಲ್ಲಿ. ಅದರಲ್ಲೂ ಇಳಯರಾಜ ಬಂದ ಮೇಲೆ. ‘ಜನ್ಮ ಜನ್ಮದ ಅನುಬಂಧ’ (1980), ‘ಗೀತಾ’ (1981), ‘ಪಲ್ಲವಿ ಅನುಪಲ್ಲವಿ’ (1983) ಚಿತ್ರಗಳ ಹಾಡುಗಳನ್ನು ಈಗ ಒಳ್ಳೆಯ ಇಯರ್‌ಫೋನು ಹಾಕಿ ಕೇಳಿ. ನಲವತ್ತು ವರ್ಷ ಗುನುಗಿದ ಹಾಡಿನ ಅಡಿಯಲ್ಲಿ ಇನ್ನೊಂದು ರಾಗಮಾಲೆ ಸಿಗುತ್ತದೆ. ಇಳಯರಾಜ ಪ್ರತಿ ವಾದ್ಯದ ಪಾಲನ್ನೂ ಸ್ವರಲಿಪಿಯಲ್ಲಿ ಬರೆದು ಕೊಡುವವರು. ಅವರ ಬೇಸ್ ಬರೀ ಆಧಾರ ಶ್ರುತಿ ಹಾಕಿ ಸುಮ್ಮನಾಗುವುದಿಲ್ಲ. ಹಾಡಿನ ಜೊತೆ ವಾದ ಮಾಡುತ್ತದೆ, ಒಪ್ಪುತ್ತದೆ, ಮತ್ತೆ ಬೇರೆ ದಾರಿ ಹಿಡಿಯುತ್ತದೆ.

ಅವರ ವಾದ್ಯವೃಂದದಲ್ಲಿ ಬೇಸ್ ಹಿಡಿದವರು ಶಶಿಧರನ್. ಅಂದಿನ ಕ್ಯಾಸೆಟ್ಟುಗಳ ಮೇಲೆ ನಟ, ನಟಿ, ಗಾಯಕ, ಸಾಹಿತಿ, ಸಂಗೀತ ನಿರ್ದೇಶಕ ಎಲ್ಲರ ಹೆಸರೂ ಇರುತ್ತಿತ್ತು, ವಾದಕರದು ಇರುತ್ತಿರಲಿಲ್ಲ. ಎ.ಆರ್. ರೆಹಮಾನ್ ಈ ರೂಢಿ ಮುರಿದು ವಾದಕರ ಹೆಸರು ಹಾಕತೊಡಗಿದ ಮೇಲೆಯೇ ಚೆನ್ನೈಯ ಬೇಸ್ ವಾದಕ ಕೀತ್ ಪೀಟರ್ಸ್ ಅವರ ಹೆಸರನ್ನು ಜನ ಓದಿದ್ದು.

ಇನ್ನು ತಂಡಗಳು. ಬೆಂಗಳೂರಿನ ಥರ್ಮಲ್ ಅಂಡ್ ಎ ಕ್ವಾರ್ಟರ್ 1996ರಿಂದ ಇಂಗ್ಲಿಷಿನಲ್ಲಿ ಹಾಡುತ್ತಾ ಬಂತು, ಅದರ ಮೊದಲ ದಶಕದ ಬೇಸ್ ರೂಡ್ ಡೇವಿಡ್ ಅವರದು. ಕನ್ನಡಕ್ಕೆ ರಾಕ್ ಮೈ ಹೊಂದಿಕೊಂಡದ್ದು ಮೈಸೂರಿನ ಅಣ್ಣತಮ್ಮಂದಿರಿಂದ: ರಘು ದೀಕ್ಷಿತ್ ಮತ್ತು ವಾಸು ದೀಕ್ಷಿತ್. ಶಿಶುನಾಳ ಶರೀಫರ ಪದ ಕನ್ನಡದ ಯುವಕರ ಬಾಯಿಗೆ ಹೊಸದಾಗಿ ಬಂದದ್ದು ರಘು ಅವರ 2008ರ ಆಲ್ಬಂ ಮೂಲಕ. ಆ ತಂಡದ ಬೇಸ್ ವಾದಕ ಗೌರವ್ ವಾಜ್. ವಾಸು ಅವರ ಸ್ವರಾತ್ಮ 2009ರಲ್ಲಿ ಮೊದಲ ಆಲ್ಬಂ ತಂದಿತು. ಅಲ್ಲಿ ಬೇಸ್ ಜಿಷ್ಣು ದಾಸ್‌ಗುಪ್ತ ಅವರದು.

ನನ್ನನ್ನು ಸೆಳೆದ ಸಂಗತಿ ಇಲ್ಲಿದೆ. ಗೌರವ್ ವಾಜ್ ತಮ್ಮ ತಂಡದ ಮ್ಯಾನೇಜರ್ ಕೂಡ ಆಗಿದ್ದರು. ಜಿಷ್ಣು ದಾಸ್‌ಗುಪ್ತ ಕೂಡ ಹಾಗೆಯೇ, ಸ್ವರಾತ್ಮದ ವ್ಯವಹಾರ ನೋಡಿಕೊಂಡವರು. ಕಾರ್ಯಕ್ರಮ ಒಪ್ಪಿಕೊಳ್ಳುವುದು, ಟಿಕೆಟ್ಟು, ಸಂಭಾವನೆ, ಸ್ಪೀಕರಿನವರ ಜೊತೆ ವಾದ, ಎಲ್ಲ ಮುಗಿಸಿ ವೇದಿಕೆ ಹತ್ತಿ ಬೇಸ್ ನುಡಿಸುವುದು. ಇದು ಕಾಕತಾಳೀಯ ಎಂದು ನನಗೆ ಅನಿಸುವುದಿಲ್ಲ. ಪ್ರತಿ ಹಾಡಿನಲ್ಲೂ ಡ್ರಮ್ಮಿನವನ ಕಡೆ ಒಂದು ಕಿವಿ, ಗಾಯಕನ ಕಡೆ ಒಂದು ಕಿವಿ ಇಟ್ಟು ನುಡಿಸುವವನಿಗೆ ಇಡೀ ತಂಡದ ನಾಡಿ ಸಿಗುತ್ತದೆ. ಹ್ಯಾರಿಸ್ ಲಂಡನ್ನಿನಲ್ಲಿ ಮಾಡಿದ್ದನ್ನು ಇವರು ಬೆಂಗಳೂರಿನಲ್ಲಿ ಸಣ್ಣ ಪ್ರಮಾಣದಲ್ಲಿ ಮಾಡಿದರು.

ಕಾಸರಗೋಡಿನವರಿಗೆ ಮಲಯಾಳದ ಬಾಗಿಲೂ ತೆರೆದಿದೆ. ಕೊಚ್ಚಿಯ ಮದರ್‌ಜೇನ್ ತಂಡದಲ್ಲಿ ಕ್ಲೈಡ್ ರೊಜಾರಿಯೊ, ಮಲಯಾಳಂ ರಾಕ್ ಎಂಬುದನ್ನು ಮನೆಮಾತು ಮಾಡಿದ ಅವಿಯಲ್ ತಂಡದಲ್ಲಿ ನರೇಶ್ ಕಾಮತ್. ಕೈಲಾಶ್ ಖೇರ್ ಅವರ ಕೈಲಾಸಾ ತಂಡದ ಹಾಡುಗಳನ್ನು ಕಟ್ಟಿದವರಲ್ಲೂ ನರೇಶ್ ಒಬ್ಬರು.

ಉಳಿಯತ್ತಡ್ಕದ ಕೈ

ನಮ್ಮ ಉಳಿಯತ್ತಡ್ಕದ ಕಡೆಯ ಒಬ್ಬ ಹುಡುಗ ಗಾನಮೇಳಗಳಿಗೆ ಬೇಸ್ ನುಡಿಸುತ್ತಾನೆ. ಹಗಲು ವಯರಿಂಗ್ ಕೆಲಸ, ರಾತ್ರಿ ಕಾರ್ಯಕ್ರಮ. ಅವನ ಬಲಗೈ ನೋಡಬೇಕು. ತೋರುಬೆರಳು, ನಡುಬೆರಳಿನ ತುದಿ ಒರಟು ಕಟ್ಟಿ ಹಳದಿಗಟ್ಟಿದೆ. ದಪ್ಪ ತಂತಿ ಅದಕ್ಕೆ ಉಜ್ಜಿದಾಗ ಸಣ್ಣಗೆ ಗರಗರ ಸದ್ದು. ಆದರೆ ನಾನು ಕಣ್ಣಿಟ್ಟು ನೋಡಿದ್ದು ಅವನ ಹೆಬ್ಬೆರಳನ್ನು. ಬೆರಳು ಒಂದು ತಂತಿ ಮೀಟುವಾಗ ಹೆಬ್ಬೆರಳು ಮೇಲಿನ ತಂತಿಯ ಮೇಲೆ ಒರಗಿ ಅದನ್ನು ಮೂಕವಾಗಿಸುತ್ತದೆ. ಎಡಗೈಯ ಕಿರುಬೆರಳು ಬಿಟ್ಟ ಸ್ವರವನ್ನು ತಕ್ಷಣ ಮುಟ್ಟಿ ನಿಲ್ಲಿಸುತ್ತದೆ. ನುಡಿಸುವಷ್ಟೇ ಶ್ರಮ, ನುಡಿಯದಂತೆ ನೋಡಿಕೊಳ್ಳುವುದರಲ್ಲೂ ಇದೆ.

‘ನಿನ್ನದು ಕೇಳುವುದೇ ಇಲ್ಲವಲ್ಲ ಮಾರಾಯ’ ಎಂದೆ.

‘ಒಂದು ಸಲ ಹಾಡಿನ ನಡುವೆ ಕೇಬಲು ಕಳಚಿತ್ತು ಮಾಷ್ಟ್ರೇ. ಹಾಡು ನಿಲ್ಲಲಿಲ್ಲ. ಎದುರಿದ್ದವರು ಕುಣಿಯುವುದು ನಿಂತಿತು’ ಎಂದ.

ಅವನ ಮೊಬೈಲಿನಲ್ಲಿ ಮೋಹಿನಿ ದೇ ಅವರ ವೀಡಿಯೊಗಳಿವೆ. ಮುಂಬೈಯ ಈ ವಾದಕಿಗೆ ಬೇಸ್ ಹೇಳಿಕೊಟ್ಟವರು ಬೇಸ್ ವಾದಕರಾದ ತಂದೆ. ಬಾಲ್ಯ ಕಳೆಯುವ ಮೊದಲೇ ವೃತ್ತಿಗಿಳಿದರು, ರೆಹಮಾನ್, ಝಾಕಿರ್ ಹುಸೇನ್ ಅವರಂಥವರ ಜೊತೆ ನುಡಿಸಿದರು. ತಾಳದ ಸೊಲ್ಲುಗಳನ್ನು ಬಾಯಲ್ಲಿ ಹೇಳುತ್ತಾ ಅದನ್ನೇ ತಂತಿಯಲ್ಲಿ ನುಡಿಸುವುದು ಅವರ ವೈಖರಿ. 2023ರಲ್ಲಿ ಬಂದ ಅವರ ಮೊದಲ ಸ್ವಂತ ಆಲ್ಬಂನ ಹೆಸರೇ ‘ಮೋಹಿನಿ ದೇ’. ಜೇಮರ್ಸನ್ ಹೆಸರು ತಟ್ಟೆಯ ಬೆನ್ನಿಗೆ ಬರಲು ಹನ್ನೆರಡು ವರ್ಷ ಹಿಡಿದಿದ್ದ ವೃತ್ತಿಯಲ್ಲಿ, ಬೇಸ್ ವಾದಕಿಯ ಹೆಸರು ಆಲ್ಬಂನ ತಲೆಬರಹವಾಯಿತು.

ಕನ್ನಡದಲ್ಲಿ ಈ ಕೆಲಸ ಇನ್ನೂ ಬಾಕಿಯಿದೆ. ಬಹುಕಾಲ ನಮ್ಮ ಚಿತ್ರಗೀತೆಗಳು ಮದ್ರಾಸಿನ ಸ್ಟುಡಿಯೊಗಳಲ್ಲಿ ಧ್ವನಿಮುದ್ರಣವಾದವು. ರಾಜನ್-ನಾಗೇಂದ್ರ, ಉಪೇಂದ್ರಕುಮಾರ್, ವಿಜಯಭಾಸ್ಕರ್ ಅವರ ಹಾಡುಗಳಲ್ಲಿ ಬೇಸ್ ಹಿಡಿದು ಕೂತವರು ಯಾರು ಯಾರು ಎಂಬ ಪಟ್ಟಿ ಯಾವ ಪುಸ್ತಕದಲ್ಲಿದೆ? ಅಂದು ಆ ಕೋಣೆಗಳಲ್ಲಿ ಇದ್ದವರು ಈಗ ಎಪ್ಪತ್ತು, ಎಂಬತ್ತು ದಾಟಿದವರು. ಹಳೆಯ ಹಾಡುಗಳನ್ನು ಯೂಟ್ಯೂಬಿಗೆ ಏರಿಸುವ ಕಂಪನಿಗಳಿಗೆ ವಿವರಣೆಯ ಜಾಗದಲ್ಲಿ ನಾಲ್ಕು ಹೆಸರು ಹೆಚ್ಚು ಸೇರಿಸಲು ಕಾಸಿನ ಖರ್ಚಿಲ್ಲ. ವಿಶ್ವವಿದ್ಯಾಲಯಗಳಲ್ಲಿ ಚಿತ್ರಸಂಗೀತದ ಬಗ್ಗೆ ಪಿಎಚ್.ಡಿ. ಮಾಡುವ ಮಕ್ಕಳು ಸಾಹಿತ್ಯ, ರಾಗಗಳ ಬದಿಯಲ್ಲಿ ಈ ಒಂದು ಅಧ್ಯಾಯಕ್ಕೆ ಚೆನ್ನೈಯ ರೈಲು ಹತ್ತಬೇಕು, ರೆಕಾರ್ಡರು ಚೀಲಕ್ಕೆ ಹಾಕಿಕೊಂಡು, ಈ ವರ್ಷವೇ.